ಚಪ್ಪಟೆ ಪಾದವೂ ಓಟದ ಬೂಟೂ

(ಓಟಗಾರರ ಬಳಗವೊಂದರ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಸುಕಿನಲ್ಲೆದ್ದು ಐದು ಹತ್ತು ಕಿಲೋಮೀಟರು ಓಡಿ ಬರುವ ಜನರ ಮುಂದೆ ಓಟದ ಬಗ್ಗೆ ಮಾತನಾಡುವುದೆಂದರೆ ಬೆಸ್ತರಿಗೆ ಈಜು ಹೇಳಿಕೊಟ್ಟಂತೆ. ಆದ್ದರಿಂದ ಓಟದ ತಂಟೆಗೆ ನಾನು ಹೋಗುವುದಿಲ್ಲ. ನಿಮ್ಮ ಅಂಗಾಲಿಗೂ ನೆಲಕ್ಕೂ ನಡುವೆ ಒಂದು ಅಂಗುಲದಷ್ಟು ದಪ್ಪದ ವಸ್ತುವಿದೆಯಲ್ಲ, ಅದರ ಕಥೆಯನ್ನಷ್ಟೇ ಹೇಳುತ್ತೇನೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಎರಡು ತಿಂಗಳ ಹಿಂದೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಒಂದು ಸಂಜೆ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಸೇನೆಗೆ ಸೇರಬೇಕೆಂದು ಹೈಸ್ಕೂಲು ಮೈದಾನದಲ್ಲಿ ದಿನವೂ ಓಡುತ್ತಾನೆ. ಭರ್ತಿಯ ರ‍್ಯಾಲಿಯಲ್ಲಿ 1.6 ಕಿಲೋಮೀಟರಿನ ಓಟ ದೊಡ್ಡ ಜರಡಿ. ಬಹಳ ಮಂದಿ ಅಲ್ಲೇ ಉದುರಿಹೋಗುತ್ತಾರೆ. ಈ ಹುಡುಗನಿಗೆ ಮೊಣಕಾಲಿನ ಕೆಳಗೆ, ಮೂಳೆಯ ಉದ್ದಕ್ಕೂ ನೋವು ಶುರುವಾಗಿತ್ತು. ಬೂಟಿನ ಅಂಗಡಿಗೆ ಹೋದಾಗ ಅಂಗಾಲನ್ನು ಒದ್ದೆ ಮಾಡಿ ಕಾಗದದ ಮೇಲೆ ನಿಲ್ಲಿಸಿ, ಮೂಡಿದ ಗುರುತು ನೋಡಿ, “ನಿನ್ನದು ಫ್ಲಾಟ್ ಫುಟ್. ಸ್ಟೆಬಿಲಿಟಿ ಶೂ ಇಲ್ಲದೆ ಓಡಿದರೆ ಮಂಡಿ ಹೋಗುತ್ತೆ” ಎಂದರಂತೆ. ಬೆಲೆ ಹದಿಮೂರು ಸಾವಿರ. ಆ ಕಾಗದವನ್ನು ಹುಡುಗ ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ.

ತಂದೆಗೆ ಹಣದ ಚಿಂತೆ; ಮಗನಿಗೆ ಅದಕ್ಕಿಂತ ದೊಡ್ಡ ಚಿಂತೆ, ಚಪ್ಪಟೆ ಪಾದದವರನ್ನು ಸೇನೆ ತೆಗೆದುಕೊಳ್ಳುವುದಿಲ್ಲ ಎಂದು. “ಮೇಷ್ಟ್ರೇ, ಚೀಟಿ ಎತ್ತಿ ತೆಗೆಸಿಕೊಡಲಾ, ಇಲ್ಲಾ ಈ ಓಟವೇ ಬೇಡ ಬಿಡು ಅನ್ನಲಾ?” ಎಂದು ಆತ ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ದಿನ ಸಮಯ ಕೊಡಿ ಎಂದೆ. ಆ ಎರಡು ದಿನ ಎರಡು ವಾರವಾಯಿತು. ಓದಿದಂತೆಲ್ಲ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಕಾಲಿನ ಲೆಕ್ಕ. ಅರವತ್ತು ಕಿಲೋ ತೂಕದ ಮನುಷ್ಯ ಓಡುವಾಗ ಪ್ರತಿ ಹೆಜ್ಜೆಗೂ ನೆಲ ಅವನ ಕಾಲನ್ನು ಹೆಚ್ಚುಕಡಿಮೆ ನೂರೈವತ್ತು ಕಿಲೋ ಭಾರದಷ್ಟು ಬಲದಿಂದ ಒತ್ತುತ್ತದೆ, ಅಂದರೆ ಮೈತೂಕದ ಎರಡೂವರೆ ಪಾಲು. ಹತ್ತು ಕಿಲೋಮೀಟರು ಓಡಿದರೆ ಸುಮಾರು ಹತ್ತು ಸಾವಿರ ಹೆಜ್ಜೆ. ಒಂದೊಂದು ಕಾಲಿಗೂ ಐದು ಸಾವಿರ ಸಲ ಈ ಹೊರೆ. ಹೊರುವುದಕ್ಕೆ ಪ್ರಕೃತಿ ಪಾದದಲ್ಲಿ ಒಂದು ಕಮಾನು ಕಟ್ಟಿದೆ. ಹಳೆಯ ಕಾಲದ ಕಲ್ಲಿನ ಸೇತುವೆಯ ಕಮಾನಿನಂತಲ್ಲ ಅದು. ಕಲ್ಲಿನ ಕಮಾನು ಬಾಗುವುದಿಲ್ಲ, ಇದು ಬಾಗುತ್ತದೆ. ಕಾಲು ಊರಿದಾಗ ತಗ್ಗಿ, ಎತ್ತುವಾಗ ಮತ್ತೆ ಮೇಲೇಳುತ್ತದೆ. 1987ರಲ್ಲಿ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಒಂದು ಹೆಜ್ಜೆಯಲ್ಲಿ ದೇಹ ಒಮ್ಮೆ ಕಳೆದುಕೊಂಡು ಮತ್ತೆ ಪಡೆಯುವ ಶಕ್ತಿಯಲ್ಲಿ ಸುಮಾರು ನೂರಕ್ಕೆ ಹದಿನೇಳು ಪಾಲನ್ನು ಈ ಕಮಾನು ಸ್ಪ್ರಿಂಗಿನಂತೆ ಹಿಡಿದಿಟ್ಟುಕೊಳ್ಳಬಲ್ಲದೆಂದು ತೋರಿಸಿದರು.

ಕಮಾನು ತಗ್ಗುವಾಗ ಪಾದ ಸ್ವಲ್ಪ ಒಳಮಗ್ಗುಲಿಗೆ ವಾಲುತ್ತದೆ. ಇದಕ್ಕೆ ವೈದ್ಯರ ಭಾಷೆಯಲ್ಲಿ ಪ್ರೊನೇಷನ್ ಎಂದು ಹೆಸರು. ನಾವು ಒಳವಾಲು ಎನ್ನೋಣ. ಗಮನಿಸಬೇಕಾದ್ದೆಂದರೆ ಒಳವಾಲು ರೋಗವಲ್ಲ. ವಾಲದ ಪಾದ ಆಘಾತವನ್ನು ಹೀರಲಾರದು. ಜಾಹೀರಾತುಗಳನ್ನು ಓದಿದವರಿಗೆ ಈ ಪದವೇ ಒಂದು ಕಾಯಿಲೆಯ ಹೆಸರಿನಂತೆ ಕೇಳುತ್ತದೆ. ಹಾಗಾದದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆ ಇದೆ.

ಅಮೆರಿಕದ ಬಾಸ್ಟನ್ನಿನಲ್ಲಿ 1906ರಲ್ಲಿ ವಿಲಿಯಂ ರೈಲಿ ಎಂಬಾತ ಬೂಟಿನೊಳಗೆ ಇಡುವ ಕಮಾನಿನ ಆಸರೆಗಳನ್ನು ಮಾಡಿ ಮಾರಲು ಹೊರಟ. ಅಂಗಳದ ಕೋಳಿ ಮೂರೇ ಬೆರಳ ಮೇಲೆ ಅಷ್ಟು ಸಲೀಸಾಗಿ ನಿಲ್ಲುವುದನ್ನು ನೋಡಿ ಅವನಿಗೆ ಈ ಯೋಚನೆ ಬಂತಂತೆ. ಗಿರಾಕಿಗಳು ಓಟಗಾರರಲ್ಲ, ದಿನವಿಡೀ ನಿಂತೇ ದುಡಿಯುವ ಪೊಲೀಸರು, ಹೋಟೆಲ್ ಮಾಣಿಗಳು. ಆ ಕಂಪನಿಯೇ ಮುಂದೆ ನ್ಯೂ ಬ್ಯಾಲೆನ್ಸ್. ಜಪಾನಿನ ಕೋಬೆಯಲ್ಲಿ ಯುದ್ಧ ಮುಗಿದ ಮೇಲೆ, 1949ರಲ್ಲಿ, ಒನಿಟ್ಸುಕಾ ಕಿಹಾಚಿರೊ ಎಂಬ ಮಾಜಿ ಸೈನಿಕ ಆಟದ ಬೂಟು ಹೊಲಿಸತೊಡಗಿದ. ಊಟದ ಬಟ್ಟಲಿನಲ್ಲಿದ್ದ ಅಷ್ಟಪದಿಯ ಕಾಲಿನ ಹೀರುಬಟ್ಟಲುಗಳನ್ನು ನೋಡಿ ಬ್ಯಾಸ್ಕೆಟ್‌ಬಾಲ್ ಬೂಟಿನ ಅಟ್ಟೆಗೆ ಅಂಥದೇ ಗುಳಿಗಳನ್ನು ಮಾಡಿಸಿದ. ಹಿಡಿತ ಎಷ್ಟು ಹೆಚ್ಚಿತೆಂದರೆ ಆಟಗಾರರು ಗಕ್ಕನೆ ನಿಂತು ಮುಗ್ಗರಿಸುತ್ತಿದ್ದರಂತೆ. ಗುಳಿಯ ಆಳ ಕಡಿಮೆ ಮಾಡಬೇಕಾಯಿತು. ಇಂದಿನ ಎಸಿಕ್ಸ್ ಕಂಪನಿಯ ಮೂಲ ಇದು.

ಅಡುಗೆಮನೆಗೂ ಬೂಟಿಗೂ ಇನ್ನೊಂದು ನಂಟಿದೆ. 1971ರಲ್ಲಿ ಆರೆಗಾನ್ ವಿಶ್ವವಿದ್ಯಾಲಯದ ಓಟದ ಗುರು ಬಿಲ್ ಬೋವರ್‌ಮನ್ ತನ್ನ ಹೆಂಡತಿಯ ವಾಫಲ್ ಕಾವಲಿಗೆ ರಬ್ಬರಿನಂಥ ದ್ರವ ಸುರಿದ. ನಮ್ಮ ಪಡ್ಡಿನ ಹಂಚಿಗೆ ಗುಂಡು ಗುಳಿಗಳಿದ್ದರೆ ಅದಕ್ಕೆ ಚೌಕ ಗುಳಿಗಳು. ಎಣ್ಣೆ ಸವರದ ಹಂಚಿನ ಗತಿಯೇ ಅದಕ್ಕೂ ಆಯಿತು, ಅಂಟಿಕೊಂಡು ಬಾಯಿ ಬಿಡಲಿಲ್ಲ. ಆದರೆ ಮುಂದೆ ಅದರಿಂದಲೇ ನೈಕಿ ಕಂಪನಿಯ ಹೆಸರಾಂತ ಅಟ್ಟೆ ಹುಟ್ಟಿತು.

ಇದೇ ಬೋವರ್‌ಮನ್ 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿಗೆ ಹೋಗಿ, ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಗುರು ನಡುವಯಸ್ಸಿನವರನ್ನೂ ಮುದುಕರನ್ನೂ ನಿಧಾನಗತಿಯಲ್ಲಿ ಓಡಿಸುವುದನ್ನು ಕಂಡು ಬೆರಗಾಗಿದ್ದ. 1967ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. 1972ರ ಮ್ಯೂನಿಚ್ ಒಲಿಂಪಿಕ್ಸಿನಲ್ಲಿ ಫ್ರ್ಯಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದ ಮೇಲಂತೂ ಅಮೆರಿಕದಲ್ಲಿ ಓಟ ಒಂದು ಅಲೆಯಾಯಿತು. ಅದುವರೆಗೆ ಕುರ್ಚಿಯಲ್ಲಿ ಕೂತಿದ್ದ ಗುಮಾಸ್ತರು, ವಕೀಲರು, ಮೇಷ್ಟ್ರುಗಳು ಡಾಂಬರು ರಸ್ತೆಗಿಳಿದರು. ಸಹಜವಾಗಿಯೇ ಮಂಡಿನೋವು, ಹಿಮ್ಮಡಿನೋವುಗಳ ಸಾಲು ವೈದ್ಯರ ಬಾಗಿಲಿಗೆ ಬಂತು. ಆಗಿನ ಪಾದವೈದ್ಯರ ತೀರ್ಮಾನ: ಪಾದ ಒಳಗೆ ವಾಲುತ್ತಿದೆ, ವಾಲಿದಾಗ ಮೊಣಕಾಲು ತಿರುಚುತ್ತದೆ, ಅದಕ್ಕೇ ನೋವು. ಹಾಗಾದರೆ ವಾಲದಂತೆ ತಡೆಯೋಣ. 1977ರಲ್ಲಿ ಬ್ರೂಕ್ಸ್ ಕಂಪನಿ ಒಳಮಗ್ಗುಲು ತುಸು ಎತ್ತರವಿರುವ ಬೆಣೆಯಾಕಾರದ ಅಟ್ಟೆಯನ್ನು ತಂದಿತು. 1982ರಲ್ಲಿ ಅದೇ ಕಂಪನಿ ಒಳಮಗ್ಗುಲಲ್ಲಿ ಗಟ್ಟಿ, ಹೊರಮಗ್ಗುಲಲ್ಲಿ ಮೃದು ಎಂಬ ಎರಡು ಸಾಂದ್ರತೆಯ ಮೆತ್ತೆಯನ್ನು ತಂದಿತು. ಸ್ಟೆಬಿಲಿಟಿ ಶೂ, ಎಂದರೆ ಪಾದವನ್ನು ಅಲುಗದಂತೆ ಹಿಡಿಯುವ ಬೂಟು, ಹುಟ್ಟಿದ್ದು ಹೀಗೆ. ಬೂಟಿನ ಒಳಪಕ್ಕದಲ್ಲಿ ಬೂದುಬಣ್ಣದ ಗಟ್ಟಿ ತುಂಡೊಂದು ಕಂಡಿದ್ದರೆ, ಅದೇ ಆ ಗೂಟ. 1993ರಲ್ಲಿ ಬಂದ ಜೆಲ್-ಕಯಾನೊ ಈ ಜಾತಿಯ ಪ್ರಖ್ಯಾತ ಬೂಟು. ಅದರ ವಿನ್ಯಾಸಕಾರ ಕಯಾನೊ ತೋಶಿಕಾಝು ಕೊಂಬಿನ ಜೀರುಂಡೆಯ ಚಿಪ್ಪನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರೂಪಿಸಿದ.

ಇನ್ನು ಮೆತ್ತೆ. ಬೂಟಿನ ಮೇಲ್ಭಾಗದ ಬಟ್ಟೆಗೂ ಕೆಳಗಿನ ರಬ್ಬರಿಗೂ ನಡುವೆ ಇರುವ ದಪ್ಪ ಪದರವೇ ಮುಖ್ಯ. 1970ರ ದಶಕದ ನಡುವಿನಿಂದ ಅದು ಬಹುಮಟ್ಟಿಗೆ ಇ.ವಿ.ಎ., ಎಂದರೆ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಇಡ್ಲಿಯನ್ನು ಮುರಿದು ನೋಡಿ, ಹಿಟ್ಟು ಹುದುಗಿ ಬಂದ ಗಾಳಿ ಒಳಗೆಲ್ಲ ಗೂಡು ಕಟ್ಟಿರುತ್ತದೆ. ಇದೂ ಹಾಗೆಯೇ; ಒಂದೇ ವ್ಯತ್ಯಾಸ, ಇಲ್ಲಿ ಪ್ರತಿ ಗೂಡೂ ಮುಚ್ಚಿರುತ್ತದೆ. ಕಾಲು ಒತ್ತಿದಾಗ ಗೂಡುಗಳು ಕುಗ್ಗುತ್ತವೆ, ಬಿಟ್ಟಾಗ ಹಿಗ್ಗುತ್ತವೆ. ಆದರೆ ಕೊಟ್ಟ ಶಕ್ತಿಯೆಲ್ಲ ವಾಪಸು ಬರುವುದಿಲ್ಲ, ಒಂದು ಪಾಲು ಶಾಖವಾಗಿ ಹೋಗುತ್ತದೆ. ಸಾವಿರಾರು ಸಲ ಕುಗ್ಗಿದ ಮೇಲೆ ಗೂಡಿನ ಗೋಡೆಗಳು ಸೋಲುತ್ತವೆ. ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿ ಅಪ್ಪಚ್ಚಿಯಾಗಿ ನೆಲ ತಾಗಿದಂತೆ ಅನಿಸುವುದಿಲ್ಲವೇ, ಅದೇ ಕಥೆ. ಐನೂರರಿಂದ ಎಂಟುನೂರು ಕಿಲೋಮೀಟರಿಗೆ ಬೂಟು ಬದಲಿಸಿ ಎನ್ನುವ ವಾಡಿಕೆಯ ಮಾತಿನ ಹಿಂದಿರುವ ಕಾರಣ ಇದು. ಮೇಲಿನ ಬಟ್ಟೆ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಮೆತ್ತೆ ಸತ್ತಿರಬಹುದು.

ಈ ದೌರ್ಬಲ್ಯವನ್ನು ಮೀರಲೆಂದೇ ಉಳಿದ ಸಾಹಸಗಳೆಲ್ಲ. ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ಎಂಜಿನಿಯರಾಗಿದ್ದ ಫ್ರ್ಯಾಂಕ್ ರೂಡಿ ಎಂಬಾತ ಗಾಳಿಚೀಲವನ್ನು ಅಟ್ಟೆಯೊಳಗೆ ಹುದುಗಿಸುವ ಉಪಾಯ ಹೇಳಿದ. ನೈಕಿ ಅದನ್ನು 1978ರಲ್ಲಿ ಬೂಟಿಗೆ ತಂದಿತು. ಹೆಸರು ‘ಏರ್’ ಆದರೂ ಚೀಲದೊಳಗೆ ಬಹುಕಾಲ ಇದ್ದದ್ದು ನಾವು ಉಸಿರಾಡುವ ಗಾಳಿಯಲ್ಲ. ಸಣ್ಣ ಅಣುಗಳ ಅನಿಲ ಸೋರಿಹೋಗುತ್ತದೆಂದು ದೊಡ್ಡ ಅಣುಗಳ ಸಲ್ಫರ್ ಹೆಕ್ಸಾಫ್ಲೋರೈಡನ್ನು ತುಂಬುತ್ತಿದ್ದರು. ಭೂಮಿಯ ಬಿಸಿ ಏರಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಗೊತ್ತಾಗಿ ಕೊನೆಗೆ ಸಾರಜನಕಕ್ಕೆ ಬದಲಾಯಿಸಿದರು. 1986ರಲ್ಲಿ ಎಸಿಕ್ಸ್ ಸಿಲಿಕೋನಿನ ಲೋಳೆಯನ್ನು ಹಿಮ್ಮಡಿಯ ಕೆಳಗಿಟ್ಟಿತು. 2013ರಲ್ಲಿ ಅಡಿಡಾಸ್ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯ ಜೊತೆಗೂಡಿ ಅರಳಿಸಿದ ಪ್ಲಾಸ್ಟಿಕ್ ಕಾಳುಗಳನ್ನು ಬೆಸೆದು ಅಟ್ಟೆ ಮಾಡಿತು. ನೋಡಲು ಮಂಡಕ್ಕಿ ಉಂಡೆಯಂತೆಯೇ. 2017ರಲ್ಲಿ ನೈಕಿ ಪೆಬಾಕ್ಸ್ ಎಂಬ ವಸ್ತುವಿನ ನೊರೆಯನ್ನೂ ಅದರೊಳಗೆ ಇಂಗಾಲದ ಎಳೆಯ ಬಾಗುಪಟ್ಟಿಯನ್ನೂ ಇಟ್ಟಿತು. ಅಮೆರಿಕದ ಕೊಲರಾಡೋದಲ್ಲಿ ಅಳೆದು ನೋಡಿದಾಗ ಆ ಅಟ್ಟೆ ಒತ್ತಿದ ಶಕ್ತಿಯಲ್ಲಿ ನೂರಕ್ಕೆ 87 ಪಾಲು ಹಿಂದಿರುಗಿಸಿತು. ಅದೇ ಕಂಪನಿಯ ಹಳೆಯ ಬೂಟು 65 ಪಾಲನ್ನಷ್ಟೇ ಕೊಟ್ಟಿತ್ತು. ಓಟಗಾರನ ದೇಹ ಸರಾಸರಿ ನೂರಕ್ಕೆ ನಾಲ್ಕರಷ್ಟು ಕಡಿಮೆ ಶಕ್ತಿ ಖರ್ಚು ಮಾಡಿತು. 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಎಲಿಯುಡ್ ಕಿಪ್‌ಚೋಗೆ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಮುಗಿಸಿದ್ದು ಈ ವಂಶದ ಬೂಟಿನಲ್ಲೇ. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಅಟ್ಟೆಗೆ 40 ಮಿಲಿಮೀಟರಿನ ಮಿತಿ ಹಾಕಬೇಕಾಯಿತು.

ಇವೆಲ್ಲ ವೇಗದ ಮಾತು. ನೋವಿನ ಮಾತೇನು? ಚಪ್ಪಟೆ ಪಾದಕ್ಕೆ ಗಟ್ಟಿ ಗೂಟದ ಬೂಟು, ಎತ್ತರ ಕಮಾನಿಗೆ ಮೆತ್ತನೆಯ ಬೂಟು, ನಡುವಿನವರಿಗೆ ನಡುವಿನದು: ಅಂಗಡಿಯ ಈ ಸೂತ್ರವನ್ನು ಅಮೆರಿಕದ ಸೇನೆ ಪರೀಕ್ಷಿಸಿ ನೋಡಿತು. ಭೂಸೇನೆ, ವಾಯುಸೇನೆ, ಮರೀನ್ ಈ ಮೂರೂ ಪಡೆಗಳ ಸಾವಿರಾರು ಹೊಸ ಸೈನಿಕರಲ್ಲಿ ಅರ್ಧದಷ್ಟು ಜನರಿಗೆ ಪಾದದ ಆಕಾರ ನೋಡಿ ಬೂಟು ಕೊಟ್ಟರು, ಉಳಿದವರಿಗೆ ಪಾದ ಹೇಗೇ ಇರಲಿ, ಒಂದೇ ಬಗೆಯ ಬೂಟು. 2009 ಮತ್ತು 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಾಯಗಳ ಪ್ರಮಾಣದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ರೀತಿಯ ಸಾದಾ ಬೂಟು ಕೊಟ್ಟು ಒಂದು ವರ್ಷ ಹಿಂಬಾಲಿಸಿದರು. 2014ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ ಒಳವಾಲಿನ ಪಾದದವರು ಉಳಿದವರಿಗಿಂತ ಹೆಚ್ಚು ಗಾಯಗೊಳ್ಳಲಿಲ್ಲ.

ಹಾಗೆಂದು ಗೂಟದ ಬೂಟೆಲ್ಲ ಬೂಟಾಟಿಕೆ ಎಂದೂ ಹೇಳುವಂತಿಲ್ಲ. ಲಕ್ಸೆಂಬರ್ಗಿನಲ್ಲಿ 372 ಓಟಗಾರರಿಗೆ ಚೀಟಿ ಎತ್ತಿದಂತೆ ಸಾದಾ ಬೂಟನ್ನೋ ಗಟ್ಟಿ ಆಸರೆಯ ಬೂಟನ್ನೋ ಹಂಚಿ ಆರು ತಿಂಗಳು ನೋಡಿದರು. 2016ರ ಆ ಅಧ್ಯಯನದಲ್ಲಿ ಆಸರೆಯ ಬೂಟಿನವರಿಗೆ ಗಾಯ ಕಡಿಮೆಯಾಗಿತ್ತು; ಲಾಭ ಕಂಡದ್ದು ಮುಖ್ಯವಾಗಿ ಒಳವಾಲು ಹೆಚ್ಚಿದ್ದವರಲ್ಲಿ. ಅದೇ ತಂಡ 2020ರಲ್ಲಿ 848 ಜನರ ಮೇಲೆ ಗಟ್ಟಿ ಮೆತ್ತೆ, ಮೃದು ಮೆತ್ತೆಗಳನ್ನು ಹೋಲಿಸಿತು. ಗಟ್ಟಿಯದರಲ್ಲಿ ಗಾಯ ಹೆಚ್ಚು. ಆದರೆ ವಿಚಿತ್ರ ನೋಡಿ: ಮೃದು ಮೆತ್ತೆಯಿಂದ ಉಪಕಾರವಾದದ್ದು ಹಗುರ ಮೈಯವರಿಗೆ, ದಪ್ಪಗಿನವರಿಗೆ ಅಂಥ ಲಾಭ ಕಾಣಲಿಲ್ಲ. ತೂಕ ಹೆಚ್ಚಿದ್ದವರಿಗೆ ದಪ್ಪ ಮೆತ್ತೆ ಎಂಬ ನಮ್ಮ ಸಾಮಾನ್ಯ ಲೆಕ್ಕ ತಲೆಕೆಳಗಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ಈ ಬೂಟು ಕೆಲವರಿಗೆ ನಿಜವಾಗಿ ಉಪಕಾರಿ. ಆದರೆ ಆ ಕೆಲವರು ಯಾರೆಂದು ಒದ್ದೆ ಕಾಗದ ಹೇಳಲಾರದು. ನಿಂತ ಪಾದದ ಗುರುತು ಓಡುವ ಪಾದದ ಜಾತಕವಲ್ಲ.

ಈಗ ಚಪ್ಪಟೆ ಪಾದಕ್ಕೆ ಬರೋಣ. ಇದರ ಬಗ್ಗೆ ಲೋಕದ ಮೂಳೆವೈದ್ಯರು ಇಂದಿಗೂ ಉಲ್ಲೇಖಿಸುವ ಒಂದು ಅಧ್ಯಯನ ನಡೆದದ್ದು ನಮ್ಮ ಮಣಿಪಾಲದಲ್ಲಿ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ತೆಗೆದರು. 1992ರಲ್ಲಿ ಬ್ರಿಟನ್ನಿನ ಮೂಳೆವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಬೂಟು ಚಪ್ಪಲಿ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ; ಬರಿಗಾಲಿನ ಮಕ್ಕಳಲ್ಲಿ 2.8 ಮಾತ್ರ. ಪಾದರಕ್ಷೆ ಧರಿಸುವವರಲ್ಲೂ ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಕಮಾನು ಬಲಿಯುವ ಎಳೆಯ ವಯಸ್ಸಿನಲ್ಲಿ ಬೂಟು ಅದಕ್ಕೆ ಅಡ್ಡಿಯಾಗುತ್ತದೆಂದು ಅವರು ತರ್ಕಿಸಿದರು. ಕಾನ್ವೆಂಟಿಗೆ ಬಿಗಿ ಬೂಟು ಹಾಕಿ ಕಳಿಸಿದ ಮಗುವನ್ನು ಸಂಜೆ ಅಂಗಳದಲ್ಲಿ ಬರಿಗಾಲಲ್ಲಿ ಆಡಲು ಬಿಡುವ ಅಜ್ಜಿಯರ ಪರವಾಗಿ ಇಷ್ಟು ಗಟ್ಟಿ ಸಾಕ್ಷಿ ಬೇರೆ ಸಿಕ್ಕೀತೇ?

ಇಲ್ಲಿ ಒಂದು ಎಚ್ಚರಿಕೆ. ಬರಿಗಾಲಿನ ಓಟವೇ ಶ್ರೇಷ್ಠ ಎಂಬ ಗಾಳಿ 2009ರ ನಂತರ ಅಮೆರಿಕದಲ್ಲಿ ಜೋರಾಗಿ ಬೀಸಿತ್ತು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮಿನ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದ, ನಿಜ. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು ಇನ್ನೂ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದ ಎಂಬುದನ್ನು ಹೇಳುವವರು ಕಡಿಮೆ. ನಮ್ಮ ಶಿವನಾಥ್ ಸಿಂಗ್ ಬರಿಗಾಲಿನಲ್ಲಿ ಓಡುವ ರೂಢಿಯವರು. 1978ರಲ್ಲಿ ಜಲಂಧರದಲ್ಲಿ ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ್ದರು. ಕಂಬಳದ ಓಟಗಾರರನ್ನು ನೋಡಿ, ಅವರಿಗೆ ಬೂಟು ಬೇಡ, ಕೆಸರೇ ಮೆತ್ತೆ. ಹುಟ್ಟಿನಿಂದ ಬರಿಗಾಲಲ್ಲಿ ಬೆಳೆದ ಪಾದಕ್ಕೂ, ನಲವತ್ತು ವರ್ಷ ಬೂಟಿನಲ್ಲಿದ್ದು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಂಕ್ರೀಟಿನ ಮೇಲೆ ಇಳಿದ ಪಾದಕ್ಕೂ ಹೋಲಿಕೆಯಿಲ್ಲ. ಸಕ್ಕರೆ ಕಾಯಿಲೆಯವರಂತೂ ಆ ಸಾಹಸಕ್ಕೆ ಹೋಗಲೇಬಾರದು. ಅಂಗಾಲಿಗೆ ಆದ ಗಾಯ ಅವರಿಗೆ ಗೊತ್ತೇ ಆಗದಿರಬಹುದು.

ಚಪ್ಪಟೆ ಪಾದದಲ್ಲಿ ಎರಡು ಬಗೆ. ಒಂದು, ನಿಂತಾಗ ಕಮಾನು ಮಾಯವಾಗಿ ತುದಿಗಾಲಿನಲ್ಲಿ ನಿಂತರೆ ಮತ್ತೆ ಮೂಡುವಂಥದು. ಇದು ಮೆದು ಪಾದ, ಬಹುಪಾಲು ನೋವಿಲ್ಲದ್ದು. ಇನ್ನೊಂದು, ತುದಿಗಾಲಲ್ಲಿ ನಿಂತರೂ ಕಮಾನು ಮೂಡದ, ಬಿಗಿದುಕೊಂಡ ಪಾದ. ಅದಕ್ಕೆ ಬೂಟಿನ ಅಂಗಡಿಯಲ್ಲ, ಮೂಳೆವೈದ್ಯರ ಬಾಗಿಲೇ ಸರಿ. ನಮ್ಮ ಸೇನೆಯ ವೈದ್ಯಕೀಯ ನಿಯಮವೂ ಈ ಭೇದವನ್ನು ಒಪ್ಪುತ್ತದೆ. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ, ಪಾದ ಸಲೀಸಾಗಿ ಬಾಗಿ ನೋವಿಲ್ಲದಿದ್ದರೆ, ತುದಿಗಾಲಲ್ಲಿ ಕುಪ್ಪಳಿಸಿ ಓಡಬಲ್ಲವನಾದರೆ, ಅಂಥವನನ್ನು ಬೇಡವೆನ್ನುವುದಿಲ್ಲ.

ಎರಡು ವಾರದ ನಂತರ ಆ ಹುಡುಗನನ್ನು ಕರೆಸಿ ನಮ್ಮ ಜಗಲಿಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, “ತುದಿಗಾಲ ಮೇಲೆ ಏಳಪ್ಪಾ” ಎಂದೆ. ಎದ್ದ. ಎರಡೂ ಪಾದಗಳಲ್ಲಿ ಕಮಾನು ಬಿಲ್ಲಿನಂತೆ ಎದ್ದು ಬಂತು. ಅವರಪ್ಪ ಬಗ್ಗಿ ನೋಡಿ, ಮತ್ತೆ ಇಳಿಸಿ, ಮತ್ತೆ ಏಳಿಸಿ, ಮೂರು ಸಲ ನೋಡಿದರು. ಹಾಗಾದರೆ ಮೊಣಕಾಲ ಕೆಳಗಿನ ನೋವು ಏಕೆ ಬಂತು? ವಿಚಾರಿಸಿದಾಗ ತಿಳಿಯಿತು: ವಾರಕ್ಕೆ ಹತ್ತು ಕಿಲೋಮೀಟರು ಓಡುತ್ತಿದ್ದವನು ರ‍್ಯಾಲಿಯ ಸುದ್ದಿ ಬಂದ ಕೂಡಲೇ ದಿನಕ್ಕೆ ಎಂಟರಂತೆ ಓಡತೊಡಗಿದ್ದ, ಅದೂ ಕ್ಯಾನ್‌ವಾಸಿನ ಹಳೆಯ ಬೂಟಿನಲ್ಲಿ. ಓಟದ ಗಾಯಗಳ ದೊಡ್ಡ ಪಾಲಿನ ಹಿಂದೆ ಇಂಥ ಆತುರವೇ ಇರುತ್ತದೆ. ಆದರೂ ವೈದ್ಯರಿಗೆ ಒಮ್ಮೆ ತೋರಿಸಲು ಹೇಳಿದೆ, ಮೂಳೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ. ಬಿರುಕಿರಲಿಲ್ಲ, ಮೂರು ವಾರ ಓಟ ನಿಲ್ಲಿಸಲು ಹೇಳಿದರು.

ಬೂಟು ಕೊಳ್ಳಲು ಅವನ ಜೊತೆ ನಾನೇ ಹೋದೆ. ಹೋದದ್ದು ಸಂಜೆ, ಏಕೆಂದರೆ ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ಓಡುವಾಗಲೂ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಸಿದೆ. ಉದ್ದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇದೆಯೇ ಎಂದು ಒತ್ತಿ ನೋಡಿದೆ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದಗಳು ಮುಂದೆ ಅಗಲ, ಹಿಂದೆ ಕಿರಿದು. ಉದ್ದ ಸರಿಯಿದ್ದರೂ ಕಿರುಬೆರಳು ಹಿಂಡುತ್ತದೆ. ಇಂಥವರು ಒಂದು ಸೈಜು ಮೇಲಿನದನ್ನು ಕೊಂಡು ಹಿಮ್ಮಡಿ ಜಾರಿಸಿಕೊಳ್ಳುವ ಬದಲು ಅಗಲ ಅಚ್ಚಿನದನ್ನೇ ಕೇಳಬೇಕು. ಬೂಟನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದೆ, ನೆಟ್ಟಗೆ ನಿಂತಿತ್ತು. ಬಾಗಿಸಿದರೆ ಬೆರಳಿನ ಬುಡದಲ್ಲಿ ಬಾಗಿತು, ನಡುವಿನಲ್ಲಲ್ಲ. ಹಳೆಯ ಬೂಟಿನ ಹಿಮ್ಮಡಿಯ ಹೊರಅಂಚು ಸವೆದದ್ದನ್ನು ತೋರಿಸಿ ಅಂಗಡಿಯ ಹುಡುಗ ಏನೋ ವಿವರಿಸಲು ಹೊರಟ. ಹಿಮ್ಮಡಿ ಊರಿ ಓಡುವ ಹೆಚ್ಚಿನವರಿಗೆಲ್ಲ ಅಲ್ಲೇ ಸವೆಯುವುದು, ಅದರಿಂದ ಒಳವಾಲಿನ ಲೆಕ್ಕ ಸಿಗುವುದಿಲ್ಲ ಎಂದೆ.

ಆಮೇಲೆ ಮೂರು ಜೊತೆ ಹಾಕಿಸಿ ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿದೆ. ಕೆನಡಾದ ಕ್ಯಾಲ್ಗರಿಯಲ್ಲಿ ದಶಕಗಳ ಕಾಲ ಪಾದ-ಬೂಟುಗಳ ಸಂಶೋಧನೆ ಮಾಡಿದ ಬೆನ್ನೊ ನಿಗ್ 2015ರಲ್ಲಿ ಬರೆದ ಮಾತಿನ ಸಾರ ಇದೇ: ಕಾಲಿಗೆ ಯಾವುದು ಹಿತವೋ ಅದನ್ನು ಆರಿಸಿ, ನಿಮ್ಮ ದೇಹದ ಆಯ್ಕೆ ಅಳತೆಪಟ್ಟಿಗಿಂತ ನಂಬಿಕಸ್ಥ. ಮೊದಲೇ ಆಸರೆಯ ಬೂಟಿನಲ್ಲಿ ನೋವಿಲ್ಲದೆ ಓಡುತ್ತಿರುವವರು ಈ ಭಾಷಣ ಕೇಳಿ ಅದನ್ನು ಬಿಸಾಡಬೇಡಿ, ನಿಮ್ಮ ಕಾಲು ಅದನ್ನು ಒಪ್ಪಿದೆ. ಗೂಟದ ಬೂಟು ಮಾಡುತ್ತಿದ್ದ ದೊಡ್ಡ ಕಂಪನಿಗಳೂ ಈಚೆಗೆ ಗಟ್ಟಿ ತುಂಡನ್ನು ಕೈಬಿಟ್ಟು ಅಗಲವಾದ ಅಟ್ಟೆ, ಎರಡೂ ಬದಿಗೆ ತಗ್ಗು ಗೋಡೆ ಎಂಬ ಮೃದು ಉಪಾಯಗಳಿಗೆ ಇಳಿದಿವೆ. 2023ರ ಕಯಾನೊದಲ್ಲೂ ಹಳೆಯ ಗೂಟವಿಲ್ಲ.

ಹುಡುಗ ಆರಿಸಿದ್ದು ಸಾದಾ ಬೂಟು, ಮೂರು ಸಾವಿರದ ಇನ್ನೂರು ರೂಪಾಯಿ. ಚೀಟಿ ಎತ್ತಲಿಲ್ಲ. ಮೂರು ವಾರ ಕಳೆದ ಮೇಲೆ ದಿನಕ್ಕೆ ಎರಡು ಕಿಲೋಮೀಟರಿನಿಂದ ಶುರು ಮಾಡಿದ್ದಾನೆ. ಮೊನ್ನೆ ಭಾನುವಾರ ಐದಕ್ಕೆ ಬಂದಿದ್ದ. ರ‍್ಯಾಲಿ ಬರುವ ತಿಂಗಳು. ಮೊದಲ ದಿನ ಅಂಗಡಿಯವರು ಕೊಟ್ಟ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ, ನೀರಿನ ಗುರುತು ಆರಿ ಈಗ ಏನೂ ಕಾಣುವುದಿಲ್ಲ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.